ಇಲ್ಲದ ಲಿವರ್ ತಿರುವಿದ ಹೆಬ್ಬೆರಳು

ಆಂಧ್ರದ ಗಡಿಯೂರು ಮಡಕಶಿರಾದ ನನ್ನ ಫೋಟೋ ಸ್ಟುಡಿಯೋ ಮುಚ್ಚಿದ ದಿನ ಯಾರೂ ಶಾಲು ಹೊದಿಸಲಿಲ್ಲ, ಹಾರ ಹಾಕಲಿಲ್ಲ. ಸ್ವಂತ ಕಸುಬಿನವನಿಗೆ ನಿವೃತ್ತಿಯನ್ನು ಯಾರೂ ಕೊಡುವುದಿಲ್ಲ. ಮದುವೆ ತಿಂಗಳು ಬಂದರೂ ಫೋನು ಮೇಜಿನ ಮೇಲೆ ಅಂಗಾತ ಮಲಗಿದ್ದರೆ ನಾವೇ ಅರ್ಥ ಮಾಡಿಕೊಂಡು ತೆಗೆದುಕೊಳ್ಳಬೇಕು. ನನಗೆ ಐವತ್ತಾರು, ನನ್ನ ಬಲಭುಜಕ್ಕೆ ಮಾತ್ರ ಎಪ್ಪತ್ತು ದಾಟಿದೆ. ದಪ್ಪ ಕ್ಯಾಮೆರಾ ನೇತುಹಾಕಿಕೊಂಡು ತಿರುಗಿ ತಿರುಗಿ ಅದು ಎಡಭುಜಕ್ಕಿಂತ ಕೆಳಗೆ ಇಳಿದಿದೆ. ಪಾಸ್‌ಪೋರ್ಟ್ ಫೋಟೋಗೆ ಕೂತವರಿಗೆಲ್ಲ “ಭುಜ ನೇರ ಮಾಡ್ಕಳಿ” ಎಂದು ಗದರುತ್ತಿದ್ದವನೂ ನಾನೇ.

ಅಂಗಡಿಯನ್ನು ರೊಳ್ಳ ಊರಿನ ನಾಗವೇಣಿಗೆ ಬಿಟ್ಟುಕೊಟ್ಟೆ. ಮೂವತ್ತರ ಹೆಣ್ಣುಮಗಳು. ಮದುವೆ ಫೋಟೋ ತೆಗೆಯುವುದರಲ್ಲಿ ನನಗಿಂತ ಚುರುಕು, ಗಿರಾಕಿಗಳನ್ನು ಬೈಯುವುದರಲ್ಲೂ. ಕಳೆದ ಬೇಸಿಗೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಬಂದಳು.

“ಮಲ್ಲಣ್ಣ, ಆಸೆ ಬಿದ್ದು ಇದ್ನ ತಗಂಡ್‌ಬಿಟ್ಟೆ. ತಗಂಡ್ಮೇಲೆ ಭಯ ಆಗ್ತೈತೆ. ಒಂದ್ ತಿಂಗ್ಳು ನಿನ್ ತಾವ ಇಟ್ಕಂಡು ನೋಡಿ, ಎಂಗೈತೆ ಅಂತ ಯೋಳು.”

“ಭಯ ತಗಂಡು ನನ್ ತಾವ ಬಂದ್ಯಾ? ಇರೋದಕ್ಕೆ ಇನ್ನೊಂದಿಷ್ಟು ಸೇರ್ಸಿ ಕಳಿಸ್ತೀನಿ.”

“ಅದ್ಕೇ ಬಂದಿರೋದು. ನಿನ್ ಕೈಯಾಗೆ ಪಾಸಾದ್ರೆ ಇನ್ಯಾರ್ ಕೈಯಾಗೂ ಫೇಲಾಗಾಕಿಲ್ಲ.”

ಇದು ಹೊಗಳಿಕೆ ಎಂದುಕೊಳ್ಳಬೇಡಿ. ನಾನು ಚಿಂತೆಯ ಕುಲದವನು. ಮದುವೆಗೆ ಹೊರಡುವ ಮುಂಚೆ ಬ್ಯಾಟರಿಯನ್ನು ಮುಟ್ಟಿ ಮುಟ್ಟಿ ನೋಡಿ, ಅಗಳಿ ಊರು ದಾಟುವಾಗ ಬಸ್ಸಿನಲ್ಲೇ ಚೀಲ ಬಿಚ್ಚಿ ಮತ್ತೊಮ್ಮೆ ನೋಡಿ, ಬಿಚ್ಚುವಾಗ ಏನಾದರೂ ಬಿದ್ದುಹೋಯಿತೇ ಎಂದು ಸೀಟಿನ ಕೆಳಗೆ ತಡಕುವವನು. ಏನು ಹೋಯಿತೆಂದು ಕಂಡಕ್ಟರು ತೆಲುಗಿನಲ್ಲಿ “ಏಂ ಪೋಯಿಂದನ್ನಾ?” ಎನ್ನುವರು. ಏನೂ ಹೋಗಿರುತ್ತಿರಲಿಲ್ಲ.

ನಾಗವೇಣಿಗೆ ಬಾಯಿಮಾತಲ್ಲಿ ಹೇಳಿದರೆ ಮುಗಿಯುತ್ತಿತ್ತು. ಆದರೆ ಅವಳಂತೆ ಈಗ ಈ ಕಸುಬಿಗೆ ಇಳಿಯುವವರು ಬಂದು ಅದನ್ನೇ ಕೇಳುತ್ತಾರೆ: ಹಳೇ ವೇಷದ ಹೊಸ ಕ್ಯಾಮೆರಾ ತಗೊಳ್ಳಬಹುದಾ? ಅದಕ್ಕೇ ಬರೆದಿಡುತ್ತಿದ್ದೇನೆ. ಕ್ಯಾಮೆರಾದ ಗುಣದೋಷ ಹೇಳಲು ಹೊರಟರೆ ನನ್ನದೂ ನಡುವೆ ಬಂದುಬಿಡುತ್ತದೆ, ಏನು ಮಾಡಲಿ.

ಪೆಟ್ಟಿಗೆಯೊಳಗೆ ಇದ್ದದ್ದು ಕರಿ ಚರ್ಮದ ಹೊದಿಕೆ, ಬೆಳ್ಳಿ ಬಣ್ಣದ ತಲೆ, ತಲೆಯ ಮೇಲೆ ಅಂಕಿ ಕೊರೆದ ಚಕ್ರಗಳು. ದೂರದಿಂದ ನೋಡಿದರೆ ನಾನು ಕಸುಬು ಕಲಿತ ಫಿಲ್ಮ್ ಕ್ಯಾಮೆರಾವೇ. ಒಳಗೆ ಮಾತ್ರ ಫಿಲ್ಮಿಲ್ಲ, ಬೆಳಕನ್ನು ಮೇಲಕ್ಕೆ ಎತ್ತಿಕೊಡುವ ಕನ್ನಡಿಯೂ ಇಲ್ಲ. ಕನ್ನಡಿ ಇಲ್ಲದ್ದರಿಂದಲೇ ಇಷ್ಟು ತೆಳುವು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಹಗುರ, ಕೊರಳಲ್ಲಿ ಹಾಕಿಕೊಂಡದ್ದು ಮರೆತು ಸ್ನಾನಕ್ಕೆ ಹೋಗುವಷ್ಟು. ಶಬ್ದವಿಲ್ಲ. ಮೊದಲ ದಿನ ಫೋಟೋ ಬಿತ್ತೋ ಇಲ್ಲವೋ ತಿಳಿಯದೆ ಹೆಂಡತಿಯದು ಒಂದೇ ಭಂಗಿಯ ಫೋಟೋ ರಾಶಿ ತೆಗೆದೆ. “ಮದ್ವೇಲೂ ಇಷ್ಟು ತೆಗ್ದಿರ್ಲಿಲ್ಲ, ಈಗ್ಯಾಕೆ ಪ್ರೀತಿ ಉಕ್ತಾ ಐತೆ?” ಎಂದಳು. ಎದುರಿಗೆ ಮುಖ ಕಂಡರೆ ಸಣ್ಣದೊಂದು ಚೌಕ ತಾನೇ ಹೋಗಿ ಕಣ್ಣಿನ ಮೇಲೆ ಕೂರುತ್ತದೆ. ನಾವು ಫೋಕಸ್ ಮಾಡಲು ಹೆಣಗಬೇಕಿಲ್ಲ.

ದೋಷಗಳು: ಲೆನ್ಸು ಒಂದೇ, ಬಿಚ್ಚಿ ಬದಲಿಸುವಂತಿಲ್ಲ. ದೂರದವರು ಬೇಕೆಂದರೆ ನಡೆದು ಹತ್ತಿರ ಹೋಗಬೇಕು. ಬ್ಯಾಟರಿ ಧಾರೆಗೆ ಇದ್ದರೆ ಊಟಕ್ಕೆ ಇರುವುದಿಲ್ಲ. ಅದರ ಮೆನು ಹೊಸ ಸೊಸೆಗೆ ಅತ್ತೆಮನೆಯ ಅಡುಗೆಕೋಣೆ ಇದ್ದಂತೆ: ಎಲ್ಲ ಇದೆ, ಯಾವ ಡಬ್ಬಿಯಲ್ಲಿ ಎಂದು ಕೇಳುವ ಧೈರ್ಯ ಬರುವುದಿಲ್ಲ.

ಇನ್ನೆರಡು ಸಂಗತಿಗಳನ್ನು ನೆನಪಿಡಿ. ಕಣ್ಣಿಟ್ಟು ನೋಡುವ ಕಿಟಕಿ ಇದರಲ್ಲಿ ಎರಡು ಬಗೆಯದು. ಒಂದು ಗುಂಡಿ ಒತ್ತಿದರೆ ಅದು ಪುಟ್ಟ ಟೀವಿ. ಫೋಟೋ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಬರುತ್ತದೆಂದು ಮೊದಲೇ ತೋರಿಸುತ್ತದೆ. ಇನ್ನೊಮ್ಮೆ ಒತ್ತಿದರೆ ಬರೀ ಗಾಜು. ಎದುರಿಗಿದ್ದದ್ದು ಇದ್ದಂತೆ ಕಾಣುತ್ತದೆ. ನಾನು ಗಾಜನ್ನೇ ಆರಿಸಿದೆ. ಉತ್ತರ ನೋಡಿಕೊಂಡು ಲೆಕ್ಕ ಮಾಡುವ ಹುಡುಗ ನಾನಲ್ಲ ಎಂಬ ಜಂಬ. ಎರಡನೆಯದು, ಬಲಮೂಲೆಯಲ್ಲಿ ಸರಿಯಾಗಿ ಹೆಬ್ಬೆರಳು ಬರುವ ಕಡೆ ಒಂದು ಚಕ್ರ. ಫೋಟೋವನ್ನು ಬೇಕೆಂದೇ ಬೆಳ್ಳಗೆ ಅಥವಾ ಕಪ್ಪಗೆ ಮಾಡುವುದಕ್ಕೆ ಅದು. ಅದಕ್ಕೆ ಬೀಗವಿಲ್ಲ, ತಾಗಿದರೆ ತಿರುಗುತ್ತದೆ.

ಇನ್ನು ನನಗೆ ಕಸುಬು ಕಲಿಸಿದವರ ವಿಷಯ. ಹೆಸರು ಸಿದ್ರಾಮಪ್ಪ. ರಾಯದುರ್ಗದಲ್ಲಿ ಬೆಟ್ಟದ ಬುಡದ ಓಣಿಯಲ್ಲಿ ಅವರ ಮನೆ, ಮನೆಯ ಮುಂಭಾಗವೇ ಸ್ಟುಡಿಯೋ, ಹಿಂದೆ ಫೋಟೋ ತೊಳೆಯುವ ಕತ್ತಲಕೋಣೆ. ಇಂಟರ್, ಅಂದರೆ ನಿಮ್ಮ ಪಿಯುಸಿ, ಫೇಲಾಗಿ ನಾನು ಅಲ್ಲಿ ಸೇರಿದೆ. ಕತ್ತಲಕೋಣೆಯಲ್ಲಿ ಇದ್ದದ್ದು ಮಸುಕಾದ ಒಂದು ಕೆಂಪು ಬಲ್ಬು. ಅದರ ಕೆಳಗೆ ಗುರುಗಳು ಕಾಗದವನ್ನು ಔಷಧದ ನೀರಿನಲ್ಲಿ ಅಲ್ಲಾಡಿಸುವರು, ಅವರ ಹೆಂಡತಿ ಗೌರಮ್ಮ ತೊಳೆದು ದಾರಕ್ಕೆ ನೇತುಹಾಕುವರು. ಒಳಗಿನಿಂದ ಇಬ್ಬರ ನಗು ಕೇಳುತ್ತಿತ್ತು. ಹೊರಗೆ ಬಂದರೆ ಗುರುಗಳ ಮುಖ ಗಂಟು.

ಸೇರಿದ ಹೊಸತರಲ್ಲಿ ಚಹಾ ತಂದವನು ತಟ್ಟದೆ ಆ ಕೋಣೆಯ ಬಾಗಿಲು ತೆಗೆದೆ. ಒಂದು ಮದುವೆಯ ಅಷ್ಟೂ ಪ್ರಿಂಟು ಬೆಳಕು ತಾಗಿ ಕಪ್ಪಾದವು. “ಬಾಗ್ಲ ಹಾಕಲೇ!” ಎಂಬ ಕೂಗಿಗೆ ಚಹಾ ನನ್ನ ಕಾಲ ಮೇಲೆಯೇ ಬಿತ್ತು. ಅಲ್ಲಿಂದ ಮುಂದೆ ಅದೇ ನನ್ನ ಹೆಸರು. ಬಸ್‌ಸ್ಟ್ಯಾಂಡಿನಲ್ಲಿ ಕಂಡರೂ “ಏನ್ ಬಾಗ್ಲ ಹಾಕಲೇ, ಆರಾಮಿದ್ದೀಯೇನು?” ಎನ್ನುವರು.

ಎರಡನೆಯ ಪ್ರಮಾದ ಬೊಮ್ಮನಹಾಳ್ ಕಡೆಯ ಒಂದು ಮದುವೆ. ಮೊದಲ ಸಲ ನನ್ನೊಬ್ಬನನ್ನೇ ಕಳಿಸಿದ್ದರು. ಹಳೆಯ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದ ಮೇಲೆ ಬಲಮೂಲೆಯ ಲಿವರನ್ನು ಹೆಬ್ಬೆರಳಿನಿಂದ ತಳ್ಳಿ ಫಿಲ್ಮನ್ನು ಮುಂದಕ್ಕೆ ತಿರುವಬೇಕು. ನಾನು ತಿರುವಿದೆ, ಆದರೆ ಒಳಗೆ ಫಿಲ್ಮು ಹಲ್ಲಿಗೆ ಸಿಕ್ಕಿರಲೇ ಇಲ್ಲ. ಅರಿಶಿನದಿಂದ ಊಟದವರೆಗೆ ಇಡೀ ಮದುವೆ ಗಾಳಿಗೆ ಹೋಯಿತು. ಗುರುಗಳೇ ಆ ಮನೆಗೆ ಹೋಗಿ ಕೈಮುಗಿದು, ಗಂಡುಹೆಣ್ಣನ್ನು ಮತ್ತೆ ಬಾಸಿಂಗ ಕಟ್ಟಿ ಕೂರಿಸಿ, ತಾಳಿ ಹಿಡಿದಂತೆ ಕೈ ಇಡಿಸಿ ಫೋಟೋ ತೆಗೆದರು. ಮದುಮಗಳು “ಏನ್ರಿ, ಈ ಸಲಾನೂ ಬರಲಿಲ್ಲಂದ್ರ ಮೂರನೇದ್ದು ಬ್ಯಾರೆ ಗಂಡನ್ನ ಕೂಡಸ್ರಿ” ಎಂದು ಎಲ್ಲರನ್ನೂ ನಗಿಸಿದಳು. ಗುರುಗಳು ನಗಲಿಲ್ಲ. ವಾಪಸು ಬಂದು, ಖಾಲಿ ಕ್ಯಾಮೆರಾ ಕೈಗೆ ಕೊಟ್ಟರು.

“ಒತ್ತು, ತಿರುವು. ಒತ್ತು, ತಿರುವು. ಹೆಬ್ಬಟ್ಟಿಗೆ ಬುದ್ಧಿ ಬರೂತನ ತಿರುವು. ನಿನ್ನ ತಲೀಗಂತೂ ಬರಂಗಿಲ್ಲ.”

ಮಳೆಗಾಲವೆಲ್ಲ ಅದೇ ಅಭ್ಯಾಸ. ನಿದ್ದೆಯಲ್ಲೂ ಹೆಬ್ಬೆರಳು ಆಡುತ್ತದೆಂದು ಮದುವೆಯಾದ ಮೇಲೆ ಹೆಂಡತಿ ಹೇಳಿದಳು. ಡಿಜಿಟಲ್ ಬಂದಾಗ ಆ ದಪ್ಪ ಕ್ಯಾಮೆರಾಗಳಲ್ಲಿ ಹಿಡಿತವೇ ಬೇರೆ; ಹೆಬ್ಬೆರಳು ಸುಮ್ಮನಾಯಿತು. ಮರೆತಿದೆ ಎಂದುಕೊಂಡೆ.

ಈಗಿನವರಿಗೆ ಗೊತ್ತಿಲ್ಲದ ಒಂದು ಕೆಲಸ ಆಗ ಇತ್ತು. ನಮ್ಮ ಕಡೆ ಶಿವಭಕ್ತರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ವಿಭೂತಿ ಬಳಿದು, ರುಮಾಲು ಸುತ್ತಿ, ಹೂವಿನ ನಡುವೆ. ಅನೇಕರಿಗೆ ಬದುಕಿನಲ್ಲಿ ಅದೇ ಮೊದಲ ಫೋಟೋ. ಗೋಡೆಗೆ ತೂಗುಹಾಕಲು ಬೇರೆ ಫೋಟೋ ಇರುತ್ತಿರಲಿಲ್ಲ. ಆಗ ಮನೆಯವರು ಗುರುಗಳ ಹತ್ತಿರ ಬಂದು “ಕಣ್ಣ ತಗಸ್ರಿ” ಎನ್ನುವರು. ಗುರುಗಳು ಆ ಪ್ರಿಂಟಿನಲ್ಲಿ ಮುಚ್ಚಿದ ರೆಪ್ಪೆಗಳ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆಯುವರು. ಬರೆಯುವ ಮುಂಚೆ ಮನೆಯವರನ್ನು ಕೂರಿಸಿಕೊಂಡು ಕೇಳುವರು: ಸಿಟ್ಟಿನವರೋ, ನಗುವವರೋ, ಎದುರಿಗಿದ್ದವರನ್ನು ನೇರ ನೋಡುತ್ತಿದ್ದರೋ, ನೆಲ ನೋಡುತ್ತಿದ್ದರೋ? ರಾಯದುರ್ಗದ ಎಷ್ಟೋ ಮನೆಗಳ ನಡುಗೋಡೆಯಿಂದ ಇವತ್ತಿಗೂ ನೋಡುತ್ತಿರುವವು ಸಿದ್ರಾಮಪ್ಪನವರು ಬರೆದ ಕಣ್ಣುಗಳೇ.

ಒಂದು ದಿನ ಕುಂಚ ತೊಳೆಯುತ್ತ ಹೇಳಿದ್ದರು: “ನನಗ ಮಾತ್ರ ಯಾರೂ ಕಣ್ಣ ಬರಿಬಾರ್ದಲೇ ಮಲ್ಲ್ಯಾ. ಬರದದ್ದು ಸುಳ್ಳು. ಚಂದ ಇರತೈತಿ, ಆದ್ರ ಸುಳ್ಳು.”

ನಾಗವೇಣಿಯ ಕ್ಯಾಮೆರಾ ಕೈಯಲ್ಲಿದ್ದಾಗಲೇ ಗೌರಮ್ಮನವರ ಫೋನು ಬಂತು. ಗುರುಗಳಿಗೆ ಸಕ್ಕರೆ ಕಾಯಿಲೆ ಕಣ್ಣು ತಿಂದು ಈಗ ಮೂತ್ರಪಿಂಡಕ್ಕೆ ಇಳಿದಿತ್ತು.

“ಬಂದ್ ಹೋಗಪ್ಪಾ ಮಲ್ಲೇಶಿ. ಊರಿನ ಮಂದೀದೆಲ್ಲಾ ತಗದ್ರು, ಮನ್ಯಾಗ ಅವ್ರದೊಂದು ಫೋಟೋ ಇಲ್ಲ.”

“ಆಧಾರ್ ಕಾರ್ಡಿನ್ಯಾಗ ಐತಲ್ಲಮ್ಮಾ?”

“ಅದು ಅವ್ರಲ್ಲ. ಯಾರೋ ಕುರಿ ಕದ್ದವನು.”

ಫೋನಿಟ್ಟ ಮೇಲೆ ನನ್ನ ಚಿಂತೆ ಶುರುವಾಯಿತು. ಹಳೆಯ ದಪ್ಪ ಕ್ಯಾಮೆರಾ ಒಯ್ಯಲೋ, ಇದನ್ನು ಒಯ್ಯಲೋ? ಫೋಟೋ ಎಂದರೆ ಬೈದು ಓಡಿಸುವ ಮನುಷ್ಯ. ದಪ್ಪದ್ದು ನೋಡಿದರೆ ಎದ್ದೇ ಹೋಗುತ್ತಾರೆ. ಇದು ಹಳೆಯದರಂತೆ ಕಾಣುತ್ತದೆ, ಸದ್ದಿಲ್ಲ. ಆದರೆ ಇದರ ಗುಣ ಪೂರ್ತಿ ತಿಳಿದಿಲ್ಲ. ಇನ್ನೆರಡು ದಿನ ಪರೀಕ್ಷೆ ಮಾಡೋಣ ಎಂದು ವಾರ ಕಳೆದೆ. ಕೊನೆಗೆ ಹೆಂಡತಿಯೇ ಚೀಲ ಬಾಗಿಲಿಗಿಟ್ಟು, “ನೀನು ಕ್ಯಾಮೆರಾ ಕಲಿಯಾದ್ರಾಗೆ ಅಲ್ಲಿ ಕಣ್ಣು ಬರ್ಯೋ ಹಂಗಾಗ್ತೈತೆ, ಹೊರ್ಡು” ಎಂದಳು.

ಎರಡು ಬಸ್ಸು ಬದಲಿಸಿ ಹೋದೆ. ಓಣಿಯಲ್ಲಿ ಈಗ ಮನೆಮನೆಗೂ ಜೀನ್ಸ್ ಹೊಲಿಯುವ ಮಷಿನು. ಗುರುಗಳ ಸ್ಟುಡಿಯೋದ ಗೋಡೆಯೂ ಪಕ್ಕದ ಮಷಿನಿನ ಸದ್ದಿಗೆ ಅದುರುತ್ತಿತ್ತು. ಗುರುಗಳು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು, ಅರ್ಧ ಆಗಿದ್ದರು, ಹಣೆಯ ವಿಭೂತಿ ಮಾತ್ರ ಹಾಗೇ. ಹೆಜ್ಜೆ ಸದ್ದಿಗೆ ಮುಖ ತಿರುಗಿಸಿದರು.

“ಯಾರದು, ಬಾಗ್ಲ ಹಾಕಲೇ ಏನು?”

“ಹೌದ್ರಿ.”

“ಹಾಕಿದೇನು?”

“ಹಾಕಿದ್ನ್ರಿ.”

ಕ್ಯಾಮೆರಾವನ್ನು ಅವರ ಕೈಗಿಟ್ಟೆ. ಕಣ್ಣಿಗೆ ಅಷ್ಟಾಗಿ ಕಾಣದಿದ್ದರೂ ಬೆರಳುಗಳು ಚಕ್ರದಿಂದ ಚಕ್ರಕ್ಕೆ ಹೋದವು. ಮುಖದ ಗಂಟು ಸ್ವಲ್ಪ ಸಡಿಲಾಯಿತು. ಆಮೇಲೆ ಬೆರಳು ಬಲಮೂಲೆಗೆ ಹೋಗಿ ನಿಂತಿತು.

“ಲಿವರ್ ಎಲ್ಲೈತಲೇ?”

“ಇಲ್ರಿ. ಫಿಲ್ಮಿಲ್ಲ ಇದರಾಗ.”

“ಮತ್ಯಾಕ ಈ ವೇಷ? ಹಲ್ಲಿಲ್ಲದ ಮುದುಕಿ ಮೂಗುತಿ ಇಟ್ಟಂಗ.”

“ನಿಮ್ಮದೊಂದು ತಗೀತೀನ್ರಿ.”

ಕ್ಯಾಮೆರಾವನ್ನು ನನ್ನ ಕೈಗೆ ವಾಪಸು ಕೊಟ್ಟರು. ಗೌರಮ್ಮ ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದರು. ಪಕ್ಕದ ಮನೆಯ ಮಷಿನು ನಿಂತು ಮತ್ತೆ ಶುರುವಾಯಿತು.

“ತಗಿ,” ಎಂದರು ಗುರುಗಳು. “ಆದ್ರ ಈಗಿನ ಮಂದಿಯಂಗ ತಗದು ತಗದು ಹಿಂದ ನೋಡಬ್ಯಾಡ. ನಾ ಸತ್ತನೋ ಇದ್ದನೋ ನೋಡಿದಂಗ ಆಗತೈತಿ. ಮುಗದ ಮ್ಯಾಲೆ ಒಯ್ದು ನೋಡಿಕ್ಯ.”

ತೆಗೆದ ಫೋಟೋ ತೋರಿಸುವ, ಕ್ಯಾಮೆರಾ ಬೆನ್ನಿನ ಪರದೆಯನ್ನು ಆಫ್ ಮಾಡಿದೆ. ಒಂದೇ ಲೆನ್ಸಾದ್ದರಿಂದ ಸ್ಟೂಲು ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತೆ. ಇಷ್ಟು ವರ್ಷದಲ್ಲಿ ಅವರ ಅಷ್ಟು ಹತ್ತಿರ ನಾನು ಕೂತೇ ಇರಲಿಲ್ಲ. ಗಾಜಿನ ಕಿಟಕಿಗೆ ಕಣ್ಣಿಟ್ಟೆ. ಬೆಟ್ಟದ ನೆರಳು ಓಣಿಗೆ ಇಳಿಯುತ್ತಿತ್ತು, ಬಾಗಿಲ ಬೆಳಕು ಅವರ ಎಡಗೆನ್ನೆಯ ಮೇಲೆ ಮೆತ್ತಗಿತ್ತು.

ಒಂದು ತೆಗೆದೆ. ಗುರುಗಳು ಬಿಗಿದು ಕೂತಿದ್ದರು, ಥೇಟ್ ನಮ್ಮ ಗಿರಾಕಿಗಳ ಹಾಗೆ. ಇನ್ನೊಂದು. ಮತ್ತೊಂದು. ಸದ್ದಿಲ್ಲವಾದ್ದರಿಂದ ಯಾವಾಗ ತೆಗೆಯುತ್ತೇನೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ಅವರ ಮಂಜುಗಣ್ಣು ನನ್ನ ಬಲಗೈಯ ಕಡೆ ನೆಟ್ಟಿತ್ತು. ತುಟಿ ಅಲುಗಿತು. ಭುಜ ಕುಲುಕಿತು. ನಕ್ಕರು. ಕತ್ತಲಕೋಣೆಯಿಂದ ಕೇಳುತ್ತಿದ್ದ ಆ ನಗು ನನ್ನ ಕಣ್ಣೆದುರಿಗೆ ಬಂದದ್ದು ಅದೇ ಮೊದಲು.

“ಲೇ ಮಲ್ಲ್ಯಾ, ಅಲ್ಲೇನೂ ಇಲ್ಲಲ್ಲೋ! ಏನ್ ತಿರುವಾಕ ಹತ್ತೀದಿ?”

ನಗುವಾಗಲೇ ಒತ್ತಿದೆ. ಒತ್ತಿದ ಮೇಲೆ ಕೆಳಗೆ ನೋಡಿಕೊಂಡೆ. ಹೆಬ್ಬೆರಳು ಇಲ್ಲದ ಲಿವರನ್ನು ತಿರುವುತ್ತಿತ್ತು. ಮನೆಯಲ್ಲಿ ಸುಮ್ಮನಿದ್ದದ್ದು, ಹಳೆಯ ಆಕಾರ ಹಿಡಿದು ಗುರುಗಳ ಮುಂದೆ ಕೂತದ್ದೇ ತಡ, ಅದಕ್ಕೆ ಹಳೆಯ ಮಳೆಗಾಲ ನೆನಪಾಗಿತ್ತು.

“ನೋಡ್ ಗೌರೀ, ಹೆಬ್ಬಟ್ಟಿಗೆ ಬುದ್ಧಿ ಬಂದೈತಿ!” ಎಂದು ಕೂಗಿ ಹೇಳಿದರು. ಗೌರಮ್ಮನೂ ನಕ್ಕರು, ನಾನೂ ನಕ್ಕೆ. ಆಮೇಲೆ ಗುರುಗಳಿಗೆ ಕೆಮ್ಮು ಬಂದು, ಮಲಗಿಸಬೇಕಾಯಿತು.

ವಾಪಸು ಬಸ್ಸಿನಲ್ಲಿ ಪರದೆ ಹಚ್ಚಿ ನೋಡಿದೆ. ಮೊದಲನೆಯದು ಸರಿಯಾಗಿತ್ತು. ಎರಡನೆಯದು ಸ್ವಲ್ಪ ಕಪ್ಪು. ಮೂರನೆಯದು ಇನ್ನೂ ಕಪ್ಪು. ಹಾಗೇ ಹೋಗುತ್ತ ಹೋಗುತ್ತ, ಸಂಜೆಯಾದಂತೆ ಕತ್ತಲಾಗಿ, ಆ ನಗುವಿನ ಫೋಟೋಗೆ ಬರುವಷ್ಟರಲ್ಲಿ ರಾತ್ರಿಯೇ ಆಗಿತ್ತು. ಲಿವರಿದ್ದ ಜಾಗದಲ್ಲಿ ಈ ಕ್ಯಾಮೆರಾ ಮಾಡಿದವರು ಬೆಳಕಿನ ಚಕ್ರ ಇಟ್ಟಿದ್ದರು; ನಾನು ಪ್ರತಿ ಫೋಟೋಗೂ ಶ್ರದ್ಧೆಯಿಂದ ಅದನ್ನು ಕಪ್ಪಿನ ಕಡೆಗೆ ತಿರುವಿದ್ದೆ. ಟೀವಿ ಕಿಟಕಿಯಲ್ಲಿ ನೋಡಿದ್ದರೆ ತಕ್ಷಣ ತಿಳಿಯುತ್ತಿತ್ತು. ನಾನು ಜಂಬದ ಗಾಜಿನಲ್ಲಿ ನೋಡಿದ್ದೆ. ಬಸ್ಸಿನಿಂದ ಇಳಿದು ವಾಪಸು ಹೋಗಿಬಿಡಲೇ ಎಂದುಕೊಂಡೆ. ಬೇಡ, ಸುಸ್ತಾಗಿದ್ದಾರೆ, ಮುಂದಿನ ವಾರ ಬಂದರಾಯಿತು ಎಂದುಕೊಂಡೆ. ಎಲ್ಲದಕ್ಕೂ ಚಿಂತೆ ಮಾಡುವವನು ಅದೊಂದಕ್ಕೆ ಮಾಡಲಿಲ್ಲ.

ಮುಂದಿನ ವಾರ ಬರುವ ಮುಂಚೆಯೇ ಫೋನು ಬಂತು.

ಅದೇ ಪಡಸಾಲೆಯಲ್ಲಿ ಗುರುಗಳನ್ನು ಕೂರಿಸಿದ್ದರು. ವಿಭೂತಿ, ರುಮಾಲು, ಹೂವು. “ಕೂಡಿಸಿದ ಫೋಟೋ ನೀನ ತಗೀಬೇಕಪ್ಪ” ಎಂದು ಹಿರಿಯರೊಬ್ಬರು ಹೇಳಿದರು. ಈ ಸಲ ಟೀವಿ ಕಿಟಕಿಯಲ್ಲೇ ನೋಡಿದೆ. ಚೌಕ ಸೀದಾ ಹೋಗಿ ಗುರುಗಳ ಮುಖದ ಮೇಲೆ ಕೂತು ಅಲುಗದೆ ನಿಂತಿತು. ಅದಕ್ಕೆ ಮುಖ ಸಿಕ್ಕರೆ ಸಾಕು, ಒಳಗೆ ಯಾರಾದರೂ ಇದ್ದಾರೆಯೇ ಎಂದು ಅದು ಕೇಳುವುದಿಲ್ಲ. ಒತ್ತಿದೆ. ಹೆಬ್ಬೆರಳು ತಿರುವಿತು. ನಾನು ಕ್ಯಾಮೆರಾ ಇಳಿಸದೆ ಒಂದು ಗಳಿಗೆ ಹಾಗೇ ನಿಂತೆ. ಯಾರೂ ನಗಲಿಲ್ಲ.

ಸತ್ತವರ ಹೆಸರಲ್ಲಿ ಮಾಡುವ ಶಿವಗಣಾರಾಧನೆಗೆ ಗೋಡೆಯ ಫೋಟೋ ಬೇಕಿತ್ತು. ಕಪ್ಪಾದ ಆ ನಗುವಿನ ಫೋಟೋವನ್ನು ನಾಗವೇಣಿಗೆ ತೋರಿಸಿ, ನಡೆದದ್ದು ಹೇಳಿದೆ. ಅವಳು ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಕಂಪ್ಯೂಟರಿಗೆ ಹಾಕಿ ಕಪ್ಪನ್ನು ಬೆಳಕಿಗೆ ಎಳೆದಳು. ಈ ಹೊಸ ಕ್ಯಾಮೆರಾಗಳ ದೊಡ್ಡ ಗುಣ ಇದು, ಬರೆದುಕೊಳ್ಳಿ: ಕಪ್ಪಿನೊಳಗೂ ಎಲ್ಲ ಕೂತಿರುತ್ತದೆ, ಎಳೆದರೆ ಬರುತ್ತದೆ. ಗುರುಗಳ ಮುಖ ಪೂರ್ತಿ ಬೆಳಕಿಗೆ ಬಂತು. ಕೆನ್ನೆಯ ಕಲೆ, ಬಾಡಿದ ತುಟಿ, ಸೂಜಿಯ ಗುರುತಿನ ಕೈ, ಎಲ್ಲ.

“ನಕ್ಕು ನಕ್ಕು ಕಣ್ಣೇ ಮುಚ್ಚೋಗಿದಾವಲ್ಲಣ್ಣ,” ಎಂದಳು.

ಹೌದು. ತೆರೆದ ಕಣ್ಣಿನ ಒಂದು ಫೋಟೋಗಾಗಿ ಹೋಗಿದ್ದೆ. ಇದ್ದ ಒಂದೇ ನಗುವಿನಲ್ಲಿ ಕಣ್ಣು ಮುಚ್ಚಿದ್ದವು.

ಮೂರು ಪ್ರಿಂಟು ಮಾಡಿಸಿ, ಮೂರಕ್ಕೂ ಗಾಜು ಹಾಕಿಸಿ ಒಯ್ದೆ. ಯಾವುದನ್ನು ಬಿಡಲೆಂದು ತಿಳಿಯದೆ ಮೂರೂ. ಗೌರಮ್ಮನವರ ಮುಂದೆ ಮೊದಲು ಬಿಗಿದು ಕೂತದ್ದನ್ನು ಇಟ್ಟೆ. ಕಣ್ಣು ತೆರೆದಿದ್ದವು.

“ಇವ್ರು ಗಿರಾಕಿ,” ಎಂದು ಪಕ್ಕಕ್ಕಿಟ್ಟರು.

ಬೆಳಕಿಗೆ ಎಳೆದ ನಗುವನ್ನು ಇಟ್ಟೆ. ಬಹಳ ಹೊತ್ತು ನೋಡಿದರು. ಸೂಜಿಯ ಗುರುತಿನ ಮೇಲೆ ಬೆರಳಿಟ್ಟರು. “ಇವ್ರು ಪೇಷಂಟು. ಇದನ್ನ ದಿನಾ ಹೆಂಗ ನೋಡ್ಲಪ್ಪಾ?”

ಮೂರನೆಯದನ್ನು ಕೊಡಲು ನಾಚಿಕೆಯಾಯಿತು. ಇದ್ದದ್ದು ಇದ್ದಂತೆ, ಕಪ್ಪಗೆ. ಗಾಜಿನ ಮೇಲೆ ಹೊರಗಿನ ಬೆಳಕು ಬಿದ್ದು, ಗುರುಗಳ ಬದಲು ಬಾಗಿಲು, ಬೀದಿ, ನನ್ನ ಇಳಿದ ಬಲಭುಜ ಕಾಣುತ್ತಿತ್ತು.

“ಇದು ಕೆಟ್ಟೈತ್ರಿ ಅಮ್ಮಾ. ನನ್ನ ಹೆಬ್ಬಟ್ಟಿನ ಕೆಲಸ. ಏನೂ ಕಾಣಂಗಿಲ್ಲ.”

ಗೌರಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತಿತ್ತ ವಾಲಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು:

“ಬಾಗ್ಲ ಹಾಕಪ್ಪಾ.”

ಎದ್ದು ಬಾಗಿಲು ಹಾಕಿದೆ. ಪಡಸಾಲೆ ಕತ್ತಲಾಯಿತು. ಗಾಜಿನ ಮೇಲಿನ ಬೀದಿ ಅಳಿಸಿತು. ನಾವಿಬ್ಬರೂ ಕಾದೆವು, ಕತ್ತಲಕೋಣೆಯ ಔಷಧದ ನೀರಿನಲ್ಲಿ ಕಾಗದ ಬಿಟ್ಟು ಕಾಯುತ್ತಿದ್ದ ಹಾಗೆ. ಕಣ್ಣು ಕತ್ತಲಿಗೆ ಹೊಂದಿಕೊಂಡಂತೆ ಮೊದಲು ಹಣೆಯ ವಿಭೂತಿ, ಆಮೇಲೆ ಕೆನ್ನೆ, ಆಮೇಲೆ ನಗು, ಒಂದೊಂದಾಗಿ ಮೇಲೆ ಬಂದವು.

“ಇಷ್ಟ ಬೆಳಕಿನ್ಯಾಗ ನಾ ಇವ್ರನ್ನ ನೋಡಿದ್ದು,” ಎಂದರು ಗೌರಮ್ಮ. “ಇದ ಇರಲಿ.”